ಬಾಯಿ ಕಾಣುವ ಟಿವಿ

ನಾನು ಒಂದು ಮೂವತ್ತೆರಡು ಇಂಚಿನ ಎಲ್‌ಸಿಡಿ ಟಿವಿ. ಹುಟ್ಟಿದ್ದು ಎಲ್ಲೋ ದೂರದ ಕಾರ್ಖಾನೆಯಲ್ಲಿ. ತಾಯಿ ಯಾರು, ತಂದೆ ಯಾರು ಎಂದು ಕೇಳಬೇಡಿ. ಒಬ್ಬರು ಗಾಜು ಕೂರಿಸಿದರು, ಇನ್ನೊಬ್ಬರು ಅದರ ಹಿಂದೆ ಕಡ್ಡಿಯಂಥ ಟ್ಯೂಬ್‌ಲೈಟುಗಳನ್ನು ಜೋಡಿಸಿದರು, ಮತ್ತೊಬ್ಬರು ಹಣೆಗೆ ಒಂದು ಚೀಟಿ ಅಂಟಿಸಿದರು. ಚೀಟಿಯ ಮೇಲೆ ‘ಎಚ್‌ಡಿ ರೆಡಿ’ ಎಂದಿತ್ತು. ಆಗ ಬಲು ಹೆಮ್ಮೆಯಾಗಿತ್ತು. ರೆಡಿ ಅಂದರೆ ಇನ್ನೂ ಆಗಿಲ್ಲ ಎಂದೇ ಅರ್ಥ ಅನ್ನುವುದು ತಿಳಿಯಲು ಬಹಳ ವರ್ಷ ಹಿಡಿಯಿತು. ಈಗ ಆ ಹೆಮ್ಮೆ ಇಲ್ಲ, ಹೋಗಲಿ, ಬೇಸರವೂ ಇಲ್ಲ. ಸುಸ್ತು ಮಾತ್ರ ಇದೆ.

ಮೊದಲು ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಲಾಡ್ಜಿನಲ್ಲಿದ್ದೆ. ಅಲ್ಲಿ ನನ್ನನ್ನು ಯಾರೂ ನೋಡುತ್ತಿರಲಿಲ್ಲ, ಯಾರೂ ಆರಿಸುತ್ತಲೂ ಇರಲಿಲ್ಲ. ಬಸ್ಸು ತಪ್ಪಿಸಿಕೊಂಡವರು ನನ್ನೆದುರು ಕೂತು ತೂಕಡಿಸುತ್ತಿದ್ದರು, ನಾನು ಒಬ್ಬನೇ ಬಡಬಡಿಸುತ್ತಿದ್ದೆ. ಲಾಡ್ಜಿಗೆ ದೊಡ್ಡ ಟಿವಿ ಬಂದಾಗ ನನ್ನನ್ನು ಹಿಟ್ಟಿನ ಗಿರಣಿಯ ಗುರುಬಸು ತನ್ನ ತಾಯಿಗೆಂದು ಕೊಂಡುಕೊಂಡ.

ಅವನ ತಾಯಿ ಬಸಲಿಂಗವ್ವ. ಅವಳಿಗೆ ಕಿವಿ ಕೇಳುವುದಿಲ್ಲ. ಹರೆಯದಿಂದಲೂ ಗಂಡನ ಜೊತೆ ಗಿರಣಿಯಲ್ಲಿ ನಿಂತವಳು. ಖಾರ ಕುಟ್ಟುವ, ಜೋಳ ಬೀಸುವ ಯಂತ್ರಗಳು ಅವಳ ಕಿವಿಯನ್ನು ಸಾವಕಾಶ ತಿಂದುಹಾಕಿದವು. ಆ ಸದ್ದಿನಲ್ಲಿ ಕಿವಿ ಇದ್ದವರಿಗೂ ಮಾತು ಕೇಳುವುದಿಲ್ಲವಲ್ಲ, ಹಿಟ್ಟು ನುಣ್ಣಗಿರಬೇಕೋ ತರಿಯಾಗಿರಬೇಕೋ ಅನ್ನುವುದನ್ನು ಗಿರಾಕಿಯ ತುಟಿ ನೋಡಿಯೇ ತಿಳಿಯಬೇಕು. ಹಾಗಾಗಿ ಕಿವಿ ಹೋಗುವ ಹೊತ್ತಿಗೆ ತುಟಿ ಓದುವುದು ಅವಳಿಗೆ ಸರಾಗವಾಗಿತ್ತು. ಗಂಡ ತೀರಿಕೊಂಡು ಮಗ ಗಿರಣಿಗೆ ನಿಂತ ಮೇಲೆ ಅವಳು ನನ್ನ ಮುಂದೆ ಕುರ್ಚಿ ಎಳೆದುಕೊಂಡಳು.

ಎಷ್ಟು ಹತ್ತಿರ ಅಂತೀರಿ! ಅವಳ ಉಸಿರು ನನ್ನ ಗಾಜಿಗೆ ತಾಕುತ್ತಿತ್ತು. ಮನೆಮಂದಿ ನನ್ನನ್ನು ನೋಡುವುದು ಬೇರೆ, ಅವಳು ನೋಡುವುದು ಬೇರೆ. ಸೀರೆ, ಒಡವೆ, ಬಂಗಲೆ ಏನೂ ಅವಳಿಗೆ ಬೇಡ. ಬಾಯಿ ಕಂಡರೆ ಸಾಕು. ಸೊಸೆ ಅನಸೂಯಾ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರೆ ಇವಳು ಇಲ್ಲಿಂದಲೇ ಧಾರಾವಾಹಿಯ ಕತೆಯನ್ನೆಲ್ಲ ಒದರಿ ಹೇಳುತ್ತಿದ್ದಳು. ಕಿವಿ ಇದ್ದವಳಿಗೆ ಕಿವಿ ಇಲ್ಲದವಳು ಟಿವಿ ಕೇಳಿಸುತ್ತಿದ್ದ ಮನೆ ಅದು.

ಆಮೇಲೆ ಕೊರೊನಾ ಬಂತು. ಬೀದಿಯ ಬಾಯಿಗಳೆಲ್ಲ ಮಾಸ್ಕಿನೊಳಗೆ ಹೋದವು. ಶೂಟಿಂಗ್ ನಿಂತು, ಬಸಲಿಂಗವ್ವನ ಧಾರಾವಾಹಿ ನಡುವೆಯೇ ಕಡಿದುಹೋಗಿ, ಆ ಹೊತ್ತಿಗೆ ಒಬ್ಬ ಕಿರೀಟದ ರಾಜ ಬಂದ. ಅವನದು ಹಿಂದಿಯಿಂದ ಕನ್ನಡಕ್ಕೆ ಡಬ್ ಮಾಡಿದ ಕತೆ. ಇಷ್ಟು ವರ್ಷ ಇಂಥದ್ದು ನನ್ನ ಗಾಜಿನ ಮೇಲೆ ಬಂದೇ ಇರಲಿಲ್ಲ. ರಾಜನ ದನಿ ಅಚ್ಚ ಕನ್ನಡ, ತುಟಿ ಅಚ್ಚ ಹಿಂದಿ. ಮಗ ಸೊಸೆಗೆ ಏನೂ ಅನ್ನಿಸಲಿಲ್ಲ. ಕಿವಿ ಇದ್ದವರು ಬಾಯಿ ನೋಡುವುದಿಲ್ಲ.

ಬಸಲಿಂಗವ್ವ ಮಾತ್ರ ಕಣ್ಣು ಕಿರಿದು ಮಾಡಿ ನೋಡಿದಳು, ಸೆರಗಿನಿಂದ ನನ್ನ ಗಾಜು ಒರೆಸಿದಳು, ಆಮೇಲೆ ತನ್ನ ಕಣ್ಣು ಒರೆಸಿಕೊಂಡಳು. ಒಂದು ಮಾತೂ ತಲೆಗೆ ಹತ್ತಲಿಲ್ಲ. ಬೇರೆ ಚಾನೆಲ್ ಹಾಕಲು ರಿಮೋಟ್ ಎತ್ತಿಕೊಂಡಳು, ಮತ್ತೆ ಇಟ್ಟುಬಿಟ್ಟಳು. ಅಲ್ಲೂ ತಿಳಿಯದಿದ್ದರೆ ಎಂಬ ಹೆದರಿಕೆ ಅವಳ ಮುಖದ ಮೇಲೆಯೇ ಇತ್ತು; ಅಷ್ಟು ಹತ್ತಿರದಿಂದ ನನಗೆ ಕಾಣದೆ ಇರುತ್ತದೆಯೇ? ಮನೆಯವರ ಮಾತು ತಿಳಿಯುತ್ತಿತ್ತು ನಿಜ. ಆದರೆ ಅದು ದಿನಾ ಆಡುವ ಮಾತು, ಊಹೆಯಿಂದಲೇ ತಿಳಿಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡಿರಬೇಕು. ಟಿವಿಯವರ ಬಾಯಿ ತಿಳಿಯುತ್ತಿಲ್ಲ ಎಂದಷ್ಟೇ ಮಗನಿಗೆ ಹೇಳಿದಳು. ಟಿವಿಗೆ ವಯಸ್ಸಾಯಿತು, ಎಕ್ಸ್‌ಚೇಂಜಿಗೆ ಕೊಟ್ಟು ಹೊಸದು ತರೋಣ ಎಂದ ಗುರುಬಸು. ಅವಳು ಹೂಂ ಅಂದಳು. ತಪ್ಪು ನನ್ನ ತಲೆಗೆ ಬಂತು. ಬರಲಿ ಬಿಡಿ, ನನಗೂ ಸಾಕಾಗಿತ್ತು.

ಅನಸೂಯಾ ನನ್ನನ್ನು ಕೌದಿಯಲ್ಲಿ ಸುತ್ತಿ, ಅತ್ತೆಯ ಪಕ್ಕದಲ್ಲಿ ಆಟೋದಲ್ಲಿ ಕೂತು ಮಡಿಲಲ್ಲಿಟ್ಟುಕೊಂಡಳು; ಗುರುಬಸು ಡ್ರೈವರ್ ಪಕ್ಕ ಕೂತ. ಅಂಗಡಿಯ ಗೋಡೆ ತುಂಬ ನನ್ನ ಮೊಮ್ಮಕ್ಕಳು ಝಗಝಗ ಅನ್ನುತ್ತಿದ್ದವು. ಅಂಗಡಿಯವನು ಶುರು ಹಚ್ಚಿದ: ಇದು ಎಲ್‌ಇಡಿ, ಇದು ಕ್ಯೂಎಲ್‌ಇಡಿ, ಇದು ಫುಲ್ ಎಚ್‌ಡಿ, ಇದು ಫೋರ್ ಕೆ, ಚುಕ್ಕಿಗಳು ಅದರ ನಾಲ್ಕು ಪಟ್ಟು. ಕೊನೆಗೆ, ಒಂದೊಂದು ಚುಕ್ಕಿಯೂ ತಾನೇ ಬೆಳಗುತ್ತದೆ, ಕಪ್ಪು ಅಂದರೆ ಕಾಡಿಗೆ ಕಪ್ಪು, ಇದು ಓಲೆಡ್ ಎಂದ. ಗುರುಬಸು ಮುಖ ಗಂಟಿಕ್ಕಿ, ಓಲ್ಡ್ ನಮ್ಮ ಹತ್ತಿರವೇ ಇದೆಯಲ್ಲ, ಅದನ್ನೇ ಕೊಡಲು ಬಂದಿದ್ದೇವೆ ಎಂದ. ಅಂಗಡಿಯವನಿಗೆ ನಗು ತಡೆಯಲಾಗಲಿಲ್ಲ.

ಆ ಪರದೆಗಳ ಮೇಲೆಲ್ಲ ಮೀನು, ಗಿಳಿ, ಜಲಪಾತ. ಬಾಯಿ ಆಡಿಸುವ ಒಂದು ನರಪಿಳ್ಳೆ ಇಲ್ಲ.

“ಮೀನ ಏನ್ ಮಾತಾಡ್ತಾವೇನ್ರಿ? ಮಂದಿ ಬಾಯಿ ತೋರಸ್ರಿ,” ಎಂದಳು ಬಸಲಿಂಗವ್ವ.

ಅಂಗಡಿಯವನು ಎಲ್ಲಕ್ಕಿಂತ ದೊಡ್ಡದರಲ್ಲಿ ಚಾನೆಲ್ ಹಾಕಿದ. ಅದೇ ರಾಜ ಬಂದ. ಮೀಸೆಯ ಒಂದೊಂದು ಕೂದಲೂ ಕಾಣುತ್ತಿತ್ತು, ತುಟಿಯ ಮೇಲಿನ ಬಿರುಕೂ ಕಾಣುತ್ತಿತ್ತು. ಬಸಲಿಂಗವ್ವ ನೋಡಿದಳು, ಇನ್ನೂ ಹತ್ತಿರ ಹೋಗಿ ನೋಡಿದಳು. ಆಮೇಲೆ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕೂತಳು.

“ಟೀವ್ಯಾಗ ಏನೂ ಇಲ್ಲೋ ಗುರುಬಸು. ನನ್ನ ಕಣ್ಣ ಹೋಗ್ಯಾವ. ಕಿವಿ ಹೋದಾಗ ನಿಮ್ಮ ಬಾಯಿ ಹಿಡಕೊಂಡ ಬದುಕಿದೆ. ಇನ್ನ ಏನ್ ಹಿಡಕೊಳ್ಳಲಿ?”

ನನಗೆ ಎಲ್ಲ ಗೊತ್ತಿತ್ತು. ಏನು ಪ್ರಯೋಜನ? ಜೀವಮಾನವೆಲ್ಲ ಮಾತಾಡಿದ್ದೇನೆ, ಸ್ವಂತದ್ದು ಒಂದು ಮಾತು ಆಡಲು ಬರುವುದಿಲ್ಲ. ಅಂಥ ಸಂಕಟ ನನಗೆ ಹಿಂದೆಂದೂ ಆಗಿರಲಿಲ್ಲ.

ಅಷ್ಟರಲ್ಲಿ ಇನ್ನೊಬ್ಬ ಕೆಲಸದವನು, ಹಳೆಯದು ಹತ್ತುತ್ತದೋ ಇಲ್ಲವೋ ನೋಡಬೇಕಲ್ಲ, ನನಗೆ ವೈರು ಸಿಕ್ಕಿಸಿದ. ದನಿ ಇಡಲಿಲ್ಲ. ಯಾವುದೋ ಚಾನೆಲ್ಲಿನಲ್ಲಿ ನಮ್ಮ ಕಡೆಯ ಒಬ್ಬ ಹೆಣ್ಣುಮಗಳು ಎಣ್ಣೆಗಾಯಿ ಮಾಡುತ್ತಿದ್ದಳು. ಬಸಲಿಂಗವ್ವ ಸುಮ್ಮನೆ ನನ್ನ ಕಡೆ ಹೊರಳಿದಳು.

“ಎಳ್ಳ ಹುರದ ಹಾಕ್ರಿ, ಹೊತ್ತಿಸಬ್ಯಾಡ್ರಿ, ಕಹಿ ಆಕ್ಕೈತಿ ಅಂತಾಳ,” ಎಂದಳು.

ಅನಸೂಯಾ ಓಡಿಬಂದು ನನ್ನ ದನಿ ಏರಿಸಿದಳು. ಕಹಿ ಆಗುತ್ತದೆ, ನೋಡಿಕೊಂಡು ಹುರಿಯಿರಿ ಎಂದು ಆ ಹೆಣ್ಣುಮಗಳು ಮತ್ತೊಮ್ಮೆ ಹೇಳುತ್ತಿದ್ದಳು. ಅನಸೂಯಾ ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ದೊಡ್ಡ ಪರದೆಯ ರಾಜನನ್ನು ನೋಡಿದಳು. ಮೊದಲ ಸಲ ಅವನ ಬಾಯಿ ನೋಡಿದಳು. ಆಮೇಲೆ ತನ್ನ ಮಾಸ್ಕ್ ಕಿತ್ತು, ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ತುಟಿ ತುಂಬ ಹೇಳಿದಳು: “ಅತ್ತಿ, ನಿಮ್ಮ ಕಣ್ಣ ಛಲೋ ಅದಾವ್ರಿ. ಅಂವ ಹಿಂದಿ ಮಾತಾಡ್ತಾನ. ಕನ್ನಡದ್ದು ಬ್ಯಾರೇದವರ ದನಿ.”

“ಬಾಯಿ ಒಬ್ಬಂದು, ಮಾತು ಇನ್ನೊಬ್ಬಂದು?” ಎಂದಳು ಬಸಲಿಂಗವ್ವ. ಹೌದೆಂದು ಸೊಸೆ ತಲೆ ಆಡಿಸಿದಾಗ ಅವಳು ಅಳುತ್ತಲೇ ನಗತೊಡಗಿದಳು. ಜೀವ ಬಂತು ನೋಡಿ, ಅವಳಿಗೂ ನನಗೂ.

ಗುರುಬಸು ಆದರೂ ಹೊಸದು ಬೇಕೆಂದ, ಮನಸ್ಸು ಅದರ ಮೇಲೆ ಬಿದ್ದುಬಿಟ್ಟಿತ್ತು. ಸಾಧಾರಣ ಎಲ್‌ಇಡಿ ಆರಿಸಿದ. ಕೌಂಟರಿನ ಆಚೆ ಅಂಗಡಿಯವನು ಮಾಸ್ಕನ್ನು ಗದ್ದಕ್ಕೆ ಇಳಿಸಿ, ಕೆಲಸದವನ ಕಿವಿಯಲ್ಲಿ ಏನೋ ಪಿಸುಗುಟ್ಟಿದ. ನನಗೂ ಕೇಳಿಸಲಿಲ್ಲ. ಬಸಲಿಂಗವ್ವ ಸ್ಟೂಲಿನಿಂದ ಎದ್ದಳು.

“ಗುಜರಿಗೆ ಒಗಿಯೂದಾದ್ರ ಬ್ಯಾಡ್ರಿ. ನಾವ ಮನಿಗೆ ಒಯ್ತೇವಿ.”

ಅಂಗಡಿಯವನು ಗಡಬಡಿಸಿ ಮಾಸ್ಕ್ ಮೇಲೆಳೆದುಕೊಂಡ.

ಹೀಗೆ ನನಗೆ ಸಿಗಬೇಕಾಗಿದ್ದ ವಿಶ್ರಾಂತಿ ಕೈತಪ್ಪಿತು. ಹೊಸದು ಪಡಸಾಲೆಯ ಗೋಡೆಯ ಮೇಲಿದೆ, ನಾನು ಬಸಲಿಂಗವ್ವನ ಕೋಣೆಯಲ್ಲಿ ಅವಳ ಟ್ರಂಕಿನ ಮೇಲಿದ್ದೇನೆ. ಅವಳು ರಾಜನನ್ನು ಹಾಕುವುದಿಲ್ಲ. ಅಡುಗೆ, ಹರಟೆ, ನಮ್ಮವೇ ಧಾರಾವಾಹಿ. ಬೆನ್ನ ಹಿಂದಿನ ದೀಪಗಳು ಒಂದೊಂದಾಗಿ ಸೋಲುತ್ತಿವೆ. ಅಂಚಿನಿಂದ ಕತ್ತಲೆ ಒಳಗೆ ಬರುತ್ತಿದೆ, ಬಾಯಿಗಳು ಮಬ್ಬಾಗುತ್ತಿವೆ. ದನಿ ಮಾತ್ರ ಗಟ್ಟಿಯಾಗಿಯೇ ಇದೆ, ಅನಸೂಯಾ ಬಂದು ಆಗಾಗ ತಗ್ಗಿಸಿ ಹೋಗುತ್ತಾಳೆ.

ನಿನ್ನೆ ಬಸಲಿಂಗವ್ವ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು, ನನ್ನ ಗಾಜಿನ ಮೇಲೆ ಅಂಗೈ ಇಟ್ಟಳು.

“ಯಾಕೋ, ನಿನ್ನ ದನಿ ಭಾಳ ಸಣ್ಣ ಆಗೈತಲ್ಲ,” ಎಂದಳು.