ಸೇತುವೆಗೆ ಒಂದು ಕಿಲೋಮೀಟರ್ ಮೊದಲು

ಕೇಳಿ ಮಹಾಜನಗಳೇ, ಹೆದ್ದಾರಿ ಜಾಮ್ ಎಂಬ ಬ್ರಹ್ಮಗಂಟನ್ನು ಒಂದೇ ಏಟಿಗೆ ಬಿಚ್ಚಿದ ಗಂಡು ಈ ಭೂಮಿಯ ಮೇಲೆ ಒಬ್ಬನೇ. ರಸ್ತೆ ಕಚೇರಿಯ ಕ್ಯಾಮೆರಾ ಕೋಣೆಯಲ್ಲಿ ಗಾಡಿ ಎಣಿಸುವ ಅವನನ್ನು ಎಲ್ಲರೂ ಡೈಲಾಗ್ ಎಂದೇ ಕರೆಯುತ್ತಿದ್ದರು. ಪಕ್ಕದ ಮೇಜಿನ ಇಂಜಿನಿಯರ್ ಅವನ ಸ್ವಂತ ಅಕ್ಕ. ಆ ಕೆಲಸ ಕೊಡಿಸಿದವಳೂ ಅವಳೇ.

ಮೂರು ವಾರದಿಂದ ಅಕ್ಕ ಇಂಗು ತಿಂದ ಮಂಗನಂತೆ ಕೂತಿದ್ದಳು. ಸೇತುವೆಯ ಬಳಿ ಮೂರು ಸಾಲಿನ ರಸ್ತೆ ಎರಡಾಗುತ್ತದೆ. ಹಾಗಾಗಿ ಅವಳ ಕಂಪ್ಯೂಟರ್ ಮಾದರಿಯಲ್ಲಿ ಗಾಡಿಗಳು ಸೇತುವೆಯ ಬಾಯಲ್ಲೇ ಸಿಕ್ಕಿಕೊಳ್ಳುತ್ತಿದ್ದವು. ಕ್ಯಾಮೆರಾದಲ್ಲಿ ನೋಡಿದರೆ ಸೇತುವೆ ಆರಾಮವಾಗಿತ್ತು. ಜಾಮ್ ಒಂದು ಕಿಲೋಮೀಟರ್ ಹಿಂದೆ, ಅಗಲವಾದ ರಸ್ತೆಯಲ್ಲಿ. ನಾಲ್ಕು ಗಂಟೆಗೆ ಸಾಹೇಬರು ಬರುವಷ್ಟರಲ್ಲಿ ಮಾದರಿಯೂ ನಿಜವಾದ ರಸ್ತೆಯೂ ಹೊಂದದಿದ್ದರೆ ಅವಳ ಕೆಲಸ ಬೇರೆಯವರ ಪಾಲು.

"ಅಷ್ಟು ಹಿಂದೆ ಯಾಕೋ ನಿಲ್ತಾರೆ ಇವ್ರು?" ಎಂದಳು.

ಡೈಲಾಗ್ ಗಂಟಲು ಸರಿಮಾಡಿಕೊಂಡ. "ಅಕ್ಕಾ, ಅಲ್ಲಿ ಇನ್ನೂರು ಮೀಟರ್‌ಗೆ ಇಪ್ಪತ್ತರ ಸ್ಪೀಡ್ ಹಾಕ್ನೋಡು."

"ಸುಮ್ನೆ ಕೂತ್ಕೋ. ಅಲ್ಲೇನಿದೆ ಅಂತ ಹಾಕ್ಲಿ?"

"ನಿನ್ ತಮ್ಮ ಬಾಯ್ಬಿಟ್ರೆ ಅದು ಮಾತಲ್ಲಕ್ಕಾ, ಇಂಟರ್‌ವಲ್ ಟ್ವಿಸ್ಟು."

"ನಿನ್ ತಲೆ," ಎನ್ನುತ್ತಲೇ ಹಾಕಿದಳು. ಪರದೆಯ ಮೇಲೆ ಕೆಂಪು ಚುಕ್ಕಿಗಳು ಆ ನಿಧಾನದ ತುಂಡಿನ ಹಿಂದೆ ಬಾಲದಂತೆ ಬೆಳೆದವು. ಅದನ್ನು ದಾಟಿದ ಗಾಡಿಗಳೇ ಕಡಿಮೆ, ಸೇತುವೆಗೆ ಅವು ಯಾವ ಲೆಕ್ಕ? ಮಾದರಿಯೂ ಕ್ಯಾಮೆರಾವೂ ಅವಳಿಜವಳಿಯಂತೆ ಹೊಂದಿದವು. ಅಕ್ಕ ನಕ್ಕಳು, ಮೂರು ವಾರದಲ್ಲಿ ಮೊದಲ ಸಲ. ಆಮೇಲೆ ಮೆಲ್ಲಗೆ ತಿರುಗಿದಳು.

"ಸರಿಯಾಗಿ ಇನ್ನೂರು ಮೀಟರ್ ಅಂತ ನಿಂಗೆ ಹೇಗ್ ಗೊತ್ತಾಯ್ತು?"

ಡೈಲಾಗ್ ತನ್ನ ಕುರ್ಚಿಯನ್ನು ಮೆಲ್ಲಗೆ ಬಾಗಿಲ ಕಡೆಗೆ ಸರಿಸಿದ.

ಇನ್ನು ಮುಚ್ಚಿಟ್ಟು ಫಲವಿಲ್ಲ, ನಡೆದದ್ದು ಇಷ್ಟು. ಮೂರು ವಾರದ ಹಿಂದೆ ತಮಾಷೆಗೆಂದು ಆಳೆತ್ತರದ ರಟ್ಟಿನ ಪೋಲೀಸನನ್ನು ಕ್ಯಾಮೆರಾಗೆ ಕಾಣದಂತೆ ಅಲ್ಲಿನ ಪೊದೆಯ ಪಕ್ಕ ನಿಲ್ಲಿಸಿದವನು ಅವನೇ. ಇನ್ನೂರು ಮೀಟರ್ ದೂರದಿಂದಲೇ ಅದನ್ನು ಕಂಡವರೆಲ್ಲ ಬ್ರೇಕ್ ಒತ್ತುತ್ತಿದ್ದರು. ತೊದಲುತ್ತ ಒಪ್ಪಿಕೊಂಡಾಗ ಅಕ್ಕ ಅವನ ಕಿವಿ ಹಿಂಡಿದಳು, ಎರಡನ್ನೂ. ನಾಲ್ಕಕ್ಕೆ ಸಾಹೇಬರ ಮುಂದೆ ಮಾತ್ರ ಹೇಳಿದ್ದೇ ಬೇರೆ: "ಯಾರೋ ಅಲ್ಲಿ ರಟ್ಟಿನ ಪೋಲೀಸ್ ನಿಲ್ಸಿದಾರೆ ಸರ್. ಪತ್ತೆ ಮಾಡಿದ್ದು ನನ್ ತಮ್ಮ. ಈಗ್ಲೇ ಹೋಗಿ ಕಿತ್ಕೊಂಡ್ ಬರ್ತಾನೆ."

ಸಾಹೇಬರು ಅವನ ಬೆನ್ನು ತಟ್ಟಿದರು. ಅವನಿಗೆ ತಲೆ ಎತ್ತಲಾಗಲಿಲ್ಲ. ಮಾದರಿ ಅಕ್ಕನದು, ಮೂರು ವಾರ ಕೆಟ್ಟ ನಿದ್ದೆ ಅಕ್ಕನದು, ಅವನ ಮಾನ ಉಳಿಸಿದವಳೂ ಅಕ್ಕ. ಅವನದೆಂದರೆ ರಟ್ಟು ಮತ್ತು ಗೋಂದು ಮಾತ್ರ.