ಹೆಸರು ಮುಗಿಯುವವರೆಗೆ

ಶವಪೆಟ್ಟಿಗೆಯ ಮುಚ್ಚಳ ಹಿಡಿದಿದ್ದವರ ಕೈಜಾರಿ ದಢಾರನೆ ನೆಲಕ್ಕೆ ಬಿತ್ತು. ಚರ್ಚಿನಲ್ಲಿ ನೆರೆದವರೆಲ್ಲ ಉಸಿರು ಬಿಗಿಹಿಡಿದರು. ಹಿಂದಿನ ಸಾಲಿನ ಮೂವರು ಮಾತ್ರ ಜೋರಾಗಿ ಚಪ್ಪಾಳೆ ತಟ್ಟಿದರು.

"ಯಾರೇ ಅವರು?" ಸತ್ತವನ ಅಕ್ಕ ಹಲ್ಲು ಕಡಿದರು. ಅವರು ನಿವೃತ್ತ ಮುಖ್ಯೋಪಾಧ್ಯಾಯಿನಿ. ನಿವೃತ್ತಿಯ ಸುದ್ದಿ ಅವರ ದನಿಗಿನ್ನೂ ಮುಟ್ಟಿರಲಿಲ್ಲ.

"ಇವರ ಸಿನಿಮಾ ಸ್ನೇಹಿತರು," ಎಂದಳು ಹೆಂಡತಿ.

"ಆ ದೆವ್ವದ ಸಿನಿಮಾ ಗ್ಯಾಂಗಾ! ಸತ್ತ ಮೇಲೂ ನನ್ನ ತಮ್ಮನ ಮಾನ ಹರಾಜು ಹಾಕ್ತಿದಾರಲ್ಲ. ಎಬ್ಬಿಸಿ ಕಳಿಸು. ಇಲ್ಲಾಂದ್ರೆ ನಾನೇ ಎದ್ದು ಹೋಗ್ತೀನಿ."

ಹೆಂಡತಿಗೂ ಸಂಕಟವಾಯಿತು. ಬೆಳಿಗ್ಗೆಯಿಂದ ಆಕೆ ಬೇಡಿಕೊಂಡಿದ್ದು ಒಂದೇ: ಇವತ್ತೊಂದು ದಿನ ಯಾರೂ ತನ್ನ ಗಂಡನ ವಿಷಯಕ್ಕೆ ನಗದಿರಲಿ.

*

ಅವನು ತೂಕ-ಅಳತೆ ಇಲಾಖೆಯ ಇನ್‌ಸ್ಪೆಕ್ಟರ್. ತಕ್ಕಡಿ ಕೂದಲೆಳೆಯಷ್ಟು ವಾಲಿದರೂ ದಂಡ ಜಡಿಯುತ್ತಿದ್ದ. ಸಂಜೆ ಮನೆಗೆ ಬಂದು ಷೂ ಬಿಚ್ಚಿದರೆ ಬೇರೆಯೇ ಮನುಷ್ಯ. ಪುಡಿಗಾಸಿನಲ್ಲಿ ತೆಗೆದ ದೆವ್ವದ ಸಿನಿಮಾ ಎಂದರೆ ಪ್ರಾಣ. ರಕ್ತಪಿಶಾಚಿಯ ಬೆನ್ನಲ್ಲಿ ಜಿಪ್ ಕಂಡರೆ ಚಪ್ಪಾಳೆ. ಸಮಾಧಿಯ ಕಲ್ಲು ಗಾಳಿಗೆ ಅಲ್ಲಾಡಿದರೆ ಚಪ್ಪಾಳೆ. ಕೊಲೆಯಾದವಳು ಕೆನ್ನೆ ಕೆರೆದುಕೊಂಡರಂತೂ ಎದ್ದು ನಿಂತು ಚಪ್ಪಾಳೆ.

"ದಿನವಿಡೀ ತಪ್ಪು ಹಿಡೀತೀರಿ, ಮನೆಗೆ ಬಂದು ತಪ್ಪಿಗೆ ಚಪ್ಪಾಳೆ ಹೊಡೀತೀರಿ. ತಲೆ ನೆಟ್ಟಗಿದೆಯಾ?" ಎಂದು ಆಕೆ ಒಮ್ಮೆ ಕೇಳಿದ್ದಳು.

"ಅಂಗಡಿಯವ್ನು ಬೇಕಂತ ತಪ್ಪು ಮಾಡ್ತಾನೆ ಕಣೆ. ಇವ್ರು ಪಾಪ, ಕೈಯಲ್ಲಿ ಕಾಸಿಲ್ದೆ, ಚಳೀಲಿ ನಡುಗ್ತಾ, ಎಷ್ಟು ಆಸೆಯಿಂದ ತೆಗ್ದಿದಾರೆ. ಆದ್ರೂ ತಪ್ಪಾಗ್ಹೋಯ್ತು. ಒಂದು ಚಪ್ಪಾಳೆ ಬೇಡ್ವಾ?"

ಆಕೆ ಬಾಗಿಲು ಹಾಕಿಕೊಂಡು ಮಲಗಿದ್ದಳು. ಅವನ ಜೊತೆ ಕೂತು ಒಂದು ಸಿನಿಮಾವನ್ನೂ ಪೂರ್ತಿ ನೋಡಿದವಳಲ್ಲ.

*

ಆಕೆ ಹಿಂದಿನ ಸಾಲಿಗೆ ಬಂದಾಗ ಮೂವರೂ ದಡಬಡಿಸಿ ಎದ್ದು ನಿಂತರು. ಅವರಲ್ಲೊಬ್ಬ, ಮಾಂಸದಂಗಡಿಯವನು, ಅತ್ತು ಮೂಗು ಕೆಂಪಗಾಗಿಸಿಕೊಂಡಿದ್ದ.

"ಕ್ಷಮಿಸಿ ಅಮ್ಮಾ, ಕೈ ತಾನಾಗೇ ಹೊಡ್ಕೊಂಡ್ಬಿಡ್ತು. ನಾವು ಹೋಗ್ತೀವಿ."

"ಅವರಿಗೆ ನೀವು ಹೇಗೆ ಪರಿಚಯ?"

"ನನ್ ತಕ್ಕಡಿಗೆ ದಂಡ ಹಾಕೋಕೆ ಬಂದಿದ್ರು. ಅಂಗಡೀಲಿ ಜಾಂಬಿ ಸಿನಿಮಾ ಓಡ್ತಿತ್ತು. ಮುಗಿಯೋವರೆಗೂ ಕದಲ್ಲಿಲ್ಲ."

"ದಂಡ ಬಿಟ್ಟರಾ?"

"ಅದೆಲ್ಲಿ ಬಿಡ್ತಾರೆ!"

ಪಕ್ಕದಲ್ಲಿದ್ದ ಹಲ್ಲಿನ ಡಾಕ್ಟರು ಕನ್ನಡಕ ಒರೆಸಿಕೊಂಡರು. "ಸಿನಿಮಾ ಮುಗಿದ್ರೂ ನಮ್ಮನ್ನ ಏಳೋಕೆ ಬಿಡ್ತಿರ್ಲಿಲ್ಲಮ್ಮ. ಕೊನೇಲಿ ಹೆಸರು ಬರುತ್ತಲ್ಲ, ಲೈಟು ಹಿಡಿದೋರು, ಊಟ ತಂದೋರು, ಎಲ್ಲಾರ್ದೂ ಗಟ್ಟಿಯಾಗಿ ಓದೋರು. ನಾವಲ್ದೆ ಇನ್ಯಾರು ಓದ್ತಾರ್ರೀ ಅನ್ನೋರು."

ರಾತ್ರಿ ಗೋಡೆಯಾಚೆಯಿಂದ ಕೇಳುತ್ತಿದ್ದ ಆ ಗೊಣಗಾಟವನ್ನು ಹೆಂಡತಿ ಇಷ್ಟು ವರ್ಷ ಬರೀ ಬಡಬಡಿಕೆ ಎಂದುಕೊಂಡಿದ್ದಳು.

"ಕೂತ್ಕೊಳ್ಳಿ," ಎಂದು ತಾನೂ ಅವರ ನಡುವೆ ಕೂತಳು. ಮುಂದಿನ ಸಾಲಿನಲ್ಲಿ ಅಕ್ಕ ರಪ್ಪನೆ ಎದ್ದರು, ಹೊರಗೆ ಸುರಿಯುತ್ತಿದ್ದ ಮಳೆ ನೋಡಿದರು, ಮತ್ತೆ ಕೂತರು.

*

ಮಣ್ಣು ಮುಚ್ಚಿದ ಮೇಲೆ ಜನ ಕೊಡೆ ಬಿಚ್ಚಿ ಗೇಟಿನತ್ತ ನಡೆದರು.

"ಬಾರೇ, ಮುಗೀತಲ್ಲ," ಎಂದು ಅಕ್ಕ ಕರೆದರು.

"ಇನ್ನೂ ಇದೆ ಅತ್ತಿಗೆ."

ಆಕೆ ಶವದ ಗಾಡಿಯ ಡ್ರೈವರನ ಹೆಸರು ಕೇಳಿ, ಗಟ್ಟಿಯಾಗಿ ಹೇಳಿದಳು. ಮುಚ್ಚಳ ಕೆಡವಿದ ಇಬ್ಬರ ಹೆಸರು ಕೇಳಿದಳು. ದೂರು ಕೊಡುತ್ತಾಳೆಂದು ಹೆದರಿ ಅವರು ಪಿಸುಗುಟ್ಟಿದರು. ಅವನ್ನೂ ಗಟ್ಟಿಯಾಗಿಯೇ ಹೇಳಿದಳು. ಕೊನೆಗೆ ಗುಂಡಿ ತೋಡಿದವನ ಮುಂದೆ ನಿಂತಳು.

"ನನ್ ಹೆಸರಾ?" ಅವನು ಗುದ್ದಲಿ ಕೆಳಗಿಟ್ಟು, ಕೆಸರುಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಮೆಲ್ಲಗೆ ಹೇಳಿದ.

ಆಕೆ ಮಳೆಯ ಸದ್ದನ್ನೂ ಮೀರಿ ಅದನ್ನು ಕೂಗಿದಳು. ಗೇಟಿನ ಬಳಿ ಕೊಡೆಗಳೆಲ್ಲ ಹಿಂದಕ್ಕೆ ತಿರುಗಿದವು. ಅವುಗಳಡಿಯಿಂದ ಯಾರೋ ಕಿಸಕ್ಕೆಂದು ನಕ್ಕರು.

ಆಕೆ ಇನ್ನೊಮ್ಮೆ, ಇನ್ನೂ ಜೋರಾಗಿ ಕೂಗಿದಳು. ಗುಂಡಿ ತೋಡಿದವನು ಟೋಪಿ ತೆಗೆದು ಎದೆಗೊತ್ತಿಕೊಂಡು, ಮಳೆಯಲ್ಲಿ ನೆಟ್ಟಗೆ ನಿಂತ.