ಈರುಳ್ಳಿ ಸಿಪ್ಪೆಯ ನೀರು

"ಹೋದ ವರ್ಷದ ಹಾಗೇ ಈ ಸಲಾನೂ ನಿನ್ ಈರುಳ್ಳಿ ನೀರಲ್ಲೇ ಮೊಟ್ಟೆ ಬೇಯಿಸ್ಕೊಳ್ಳಲಾ?" ಎಂದು ತಾಯಿ ಇನ್‌ಶಿರಾಹ್ ಕೇಳಿದಾಗ, ಕುದಿಸಿದ ಸಿಪ್ಪೆಯ ರಸ ಸೋಸಲು ಹೊರಟಿದ್ದ ರಗ್ದಾಳ ಕೈ ನಿಂತಿತು. ಮರುದಿನ ವಸಂತದ ಹಬ್ಬ. ಈಜಿಪ್ಟಿನ ತಂತಾ ಊರಿನ ಮನೆಮನೆಯಲ್ಲೂ ಈರುಳ್ಳಿ ಸಿಪ್ಪೆಯೊಡನೆ ಮೊಟ್ಟೆ ಬೇಯಿಸಿ ಕೆಂಪು ಹಿಡಿಸುವ ಹೊತ್ತು.

ರಗ್ದಾಳ ಡಾಕ್ಟರೇಟು ನಿಂತಿದ್ದುದೇ ಆ ನೀರಿನ ಮೇಲೆ. ತರಕಾರಿಯವರು ಎಸೆವ ಸಿಪ್ಪೆಯ ರಸಕ್ಕೆ ಸತುವಿನ ಲವಣ ಬೆರೆಸಿ ಸುಟ್ಟರೆ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಬಿಳಿ ಪುಡಿ ಬರುತ್ತದೆ. ಹೋದ ವಸಂತದಲ್ಲಿ ಮಾಡಿದ ಪುಡಿ ಬಟ್ಟೆ ಕಾರ್ಖಾನೆಯ ನೀಲಿ ನೀರನ್ನು ಬಿಸಿಲಲ್ಲಿ ತಿಳಿಯಾಗಿಸಿತ್ತು. ಆಮೇಲಿನ ಒಂದು ಪುಡಿಗೂ ಆ ಗುಣ ಬರಲಿಲ್ಲ. ಮಾರ್ಗದರ್ಶಕ ಡಾಕ್ಟರ್ ವಗ್ದಿ ಅವಳನ್ನು ಸುಳ್ಳಿ ಎನ್ನಲಿಲ್ಲ. ಹಬ್ಬ ಕಳೆದ ಮೇಲೆ ತನ್ನ ಕಣ್ಣೆದುರೇ ಮಾಡಿ ತೋರಿಸು, ಆಗದಿದ್ದರೆ ಅಚ್ಚಾದ ಲೇಖನ ಹಿಂದಕ್ಕೆ ತೆಗೆದುಕೊಳ್ಳೋಣ ಎಂದಿದ್ದರು. ಸುಳ್ಳಿ ಅಂದಿದ್ದರೇ ವಾಸಿಯಿತ್ತು.

"ಹೋದ ವರ್ಷ ಇದ್ರಲ್ಲಿ ಮೊಟ್ಟೆ ಬೇಯಿಸಿದ್ಯಾ, ಅಮ್ಮಾ?"

"ನೀನು ಮಲಗಿದ್ದೆ, ನೀರು ಹೇಗೂ ಕುದೀತಿತ್ತು. ಒಲೆ ಎರಡೆರಡು ಸಲ ಯಾಕೆ ಹಚ್ಲಿ? ಬಣ್ಣ ಹಿಡೀಲಿ ಅಂತ ಒಂಚೂರು ವಿನೆಗರ್ ಹಾಕ್ದೆ. ಒಂದೆರಡು ಒಡೆದೂ ಹೋದ್ವು. ಬೆಳಿಗ್ಗೆ ನೀನೇ ತಿಂದು ಚೆನ್ನಾಗಿದೆ ಅಂದ್ಯಲ್ಲೇ."

ಗುಣ ಬಂದಿದ್ದ ಆ ಒಂದೇ ಪುಡಿ ಮೊಟ್ಟೆ ಬೆಂದ ನೀರಿನದು; ಆಮೇಲಿನ ಯಾವ ನೀರಲ್ಲೂ ಮೊಟ್ಟೆ ಬೆಂದಿರಲಿಲ್ಲ. ಅಳಬೇಕೋ ತಾಯಿಯ ಕೈಗೆ ಮುತ್ತಿಡಬೇಕೋ ರಗ್ದಾಳಿಗೆ ತಿಳಿಯಲಿಲ್ಲ. ಎರಡನ್ನೂ ಮಾಡಿದಳು. ಆಮೇಲೆ ಡಾಕ್ಟರ್ ವಗ್ದಿಗೆ ಫೋನು ಮಾಡಿ ಎಲ್ಲ ಹೇಳಿದಳು.

ಹಬ್ಬ ಕಳೆದ ಬೆಳಿಗ್ಗೆ ಇನ್‌ಶಿರಾಹ್ ಮೊಟ್ಟೆಯ ಬುಟ್ಟಿ ಹಿಡಿದು ಪ್ರಯೋಗಾಲಯಕ್ಕೇ ಬಂದಳು. ಮಗಳಿಗೆ ಬಿಟ್ಟರೆ ಒಂದೂ ಒಡೆಯದಂತೆ ಬೇಯಿಸಿ ಕೆಲಸ ಕೆಡಿಸುತ್ತಾಳೆ ಎಂಬ ಭಯ ಅವಳಿಗೆ. ವಗ್ದಿ ಕನ್ನಡಕ ಏರಿಸಿಕೊಂಡು, ವಿಧಾನವೇನು ಎಂದು ಗಂಭೀರವಾಗಿ ಕೇಳಿದರು.

"ವಿಧಾನ ಎಂಥದು ಡಾಕ್ಟರೇ, ನಿಮ್ಮಮ್ಮ ಹಬ್ಬಕ್ಕೆ ಮಾಡ್ತಿರ್ಲಿಲ್ವಾ? ಹಂಗೇ."

ವಗ್ದಿ ಕನ್ನಡಕ ಕೆಳಗಿಳಿಸಿದರು. "ನಮ್ಮಮ್ಮ ಚಿಟಿಕೆ ಉಪ್ಪೂ ಹಾಕ್ತಿದ್ರು," ಎಂದರು.

"ಉಪ್ಪು ಬೇಡ," ಎಂದಳು ಇನ್‌ಶಿರಾಹ್.

ಉಪ್ಪು ಹಾಕಲಿಲ್ಲ.

ಮರುದಿನ ಮಧ್ಯಾಹ್ನ, ಹೊಸ ಪುಡಿ ಕದಡಿದ ನೀಲಿ ನೀರಿನ ಗಾಜಿನ ಪಾತ್ರೆಯನ್ನು ಕಿಟಕಿಯ ಬಿಸಿಲಿಗೆ ಇಟ್ಟರು. ಮೂವರೂ ಅದರೆದುರು ಕೂತರು. ಇನ್‌ಶಿರಾಹ್ ತುಟಿಯಲ್ಲೇ ಏನೋ ಪ್ರಾರ್ಥಿಸುತ್ತಿದ್ದಳು. ರಗ್ದಾ ನೋಡಲಾರದೆ ನೆಲ ನೋಡಿದಳು. ತಲೆಯೆತ್ತಿದಾಗ, ಪಾತ್ರೆಯ ಹಿಂದೆ ಬುಟ್ಟಿಯಲ್ಲಿ ಬೇಯಿಸಿಟ್ಟಿದ್ದ ಮೊಟ್ಟೆಗಳ ಕೆಂಪು ನೀರಿನಾಚೆಯಿಂದ ಮೆಲ್ಲಗೆ ಕಾಣತೊಡಗಿತ್ತು.